ಹತ್ತು ಗಂಟೆಗೆ ಮೊದಲು ಏಳದ ಹೆಲಿಕಾಪ್ಟರ್

ಬೆಳಿಗ್ಗೆ ಹತ್ತಕ್ಕೆ ಮುಂಚೆ ಒಂದು ದಿನವೂ ನೆಲ ಬಿಡದ ಹೆಲಿಕಾಪ್ಟರಿಗಾಗಿ ಸೂರ್ಯೋದಯದಿಂದಲೇ ಆಕಾಶ ಮುಚ್ಚಿಸಿದ ಅಧಿಕಾರಿಗಳು ತಮ್ಮ ಕೆಲಸ ಮಾಡಲಿಲ್ಲ. ಕಾಡಿಗೆ ಬೆಂಕಿ ಬಿದ್ದದ್ದು ಅವರ ತಪ್ಪೆಂದು ನಾನು ಹೇಳುತ್ತಿಲ್ಲ. ಅದನ್ನು ಆರಿಸಲು ಹೆಲಿಕಾಪ್ಟರ್ ತರಿಸಿದ್ದಕ್ಕೆ ಯಾರೂ ಅವರನ್ನು ದೂರುವುದಿಲ್ಲ. ಅದು ಯಾವ ಹೊತ್ತಿಗೆ ಏಳುತ್ತದೆ ಎಂಬುದು ಸಂಪಾಜೆಯ ಚಹಾದಂಗಡಿಯಲ್ಲಿ ಕೂತವರಿಗೆಲ್ಲ ಗೊತ್ತಿದ್ದಾಗ, ವಿಮಾನಗಳಿಗೆ ಹೋಗುವ ಅಧಿಕೃತ ಸೂಚನೆಯಲ್ಲಿ ಮಾತ್ರ ಬರೆಯದೆ ಬಿಟ್ಟರು ಎಂಬುದು ನನ್ನ ಆರೋಪ. ಅದರಿಂದಾಗಿ ಒಂದು ಬೆಳಿಗ್ಗೆ ಒಂದು ವಿಮಾನ ಇಳಿಯಿತು, ಅದರ ಬೆನ್ನಿಗೇ ಬಂದ ಇನ್ನೊಂದು ಇಳಿಯಲಿಲ್ಲ. ಇಳಿಯದ ವಿಮಾನದ ಬಲಗಡೆಯ ಸೀಟಿನಲ್ಲಿ ಸಹಪೈಲಟ್ ಆಗಿ ಕೂತಿದ್ದವಳು ನಾನು. ಇಳಿದ ವಿಮಾನದ ಕ್ಯಾಪ್ಟನ್ ನನ್ನ ಸಹಪಾಠಿ.

ಅವನ ಬಗ್ಗೆ ನನಗಿದ್ದ ಅಸೂಯೆಯನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ಬೆಳಗಿನಲ್ಲಿ ಅದಕ್ಕೂ ಪಾಲಿದೆ. ಪುತ್ತೂರಿನ ಕಾಲೇಜಿನಿಂದ ಹಾರಾಟದ ತರಬೇತಿಯವರೆಗೆ ನಾವಿಬ್ಬರೂ ಜೊತೆಗೇ ಓದಿದವರು. ಪರೀಕ್ಷೆಗಳಲ್ಲೆಲ್ಲ ಮುಂದಿದ್ದವಳು ನಾನು. ಆದರೆ ಬೇರೆ ಕಂಪೆನಿ ಸೇರಿದ ಅವನ ಭುಜಕ್ಕೆ ಕ್ಯಾಪ್ಟನ್ ಹುದ್ದೆಯ ನಾಲ್ಕನೆಯ ಪಟ್ಟಿ ಮೊದಲು ಏರಿತು. ಕ್ಯಾಪ್ಟನ್ ಕೂರುವ ಎಡಗಡೆಯ ಸೀಟಿನಲ್ಲಿ ಕೂತು ತೆಗೆಸಿಕೊಂಡ ಫೋಟೋವನ್ನು ಅವನು ಎಲ್ಲರಿಗೂ ಕಳಿಸಿದ್ದ. ಅದರ ಕೆಳಗೆ ಬಂದ ಅಭಿನಂದನೆಗಳನ್ನು ನಾನು ಎರಡು ಸಲ ಓದಿದೆ. ಮೂರನೆಯ ಸಲ ಓದುವ ಮೊದಲು, ಅವನ ಸಂದೇಶಗಳು ನನ್ನ ಫೋನಿನಲ್ಲಿ ಸದ್ದು ಮಾಡದಂತೆ ಮುಚ್ಚಿಟ್ಟೆ.

ನಮ್ಮ ಕರಾವಳಿಯ ನಿಲ್ದಾಣ ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ್ದು. ರನ್‌ವೇ ಒಂದೇ, ಇಳಿಯುವ ದಾರಿ ಎರಡು. ಪೂರ್ವದಿಂದ, ಅಂದರೆ ಘಟ್ಟದ ಕಡೆಯಿಂದ ಬಂದರೆ ನೆಲದಿಂದ ಹೊರಡುವ ಎರಡು ರೇಡಿಯೋ ಕಿರಣಗಳು ವಿಮಾನವನ್ನು ಹಿಡಿದುಕೊಳ್ಳುತ್ತವೆ. ಒಂದು ದಿಕ್ಕನ್ನು, ಇನ್ನೊಂದು ಇಳಿಜಾರನ್ನು ತೋರಿಸುತ್ತದೆ. ಮಬ್ಬಿದ್ದರೂ ರನ್‌ವೇಯ ಹತ್ತಿರಕ್ಕೆ, ಸಾಕಷ್ಟು ಕೆಳಗಿನವರೆಗೆ ನಂಬಿ ಬರಬಹುದು. ಸಮುದ್ರದ ಕಡೆಯಿಂದ ಬಂದರೆ ಇಳಿಜಾರಿನ ಕಿರಣವಿಲ್ಲ. ಇಷ್ಟು ದೂರದಲ್ಲಿ ಇಷ್ಟು ಎತ್ತರ ಎಂದು ಪಟ್ಟಿ ಓದುತ್ತ, ಮೆಟ್ಟಿಲು ಇಳಿದಂತೆ ನಾವೇ ಇಳಿಯಬೇಕು. ಆದ್ದರಿಂದ ಆ ದಾರಿಗೆ ಪೂರ್ವದ್ದಕ್ಕಿಂತ ಸುಮಾರು ಮೂರು ಪಟ್ಟು ದೂರ ಕಣ್ಣಿಗೆ ಕಾಣಬೇಕೆಂಬುದು ನಿಯಮ.

ಆ ವಾರ ಕಡಬದಿಂದ ಸಂಪಾಜೆಯವರೆಗೆ ಕಾಡು ಅಲ್ಲಲ್ಲಿ ಉರಿಯುತ್ತಿತ್ತು. ಸಂಪಾಜೆಯ ಕ್ಯಾಂಪಿನಿಂದ ಏಳುವ, ಬಕೆಟ್ ಕಟ್ಟಿದ ಹೆಲಿಕಾಪ್ಟರೊಂದು ಪಯಸ್ವಿನಿ ಹೊಳೆಯಲ್ಲಿ ಬತ್ತದೆ ಉಳಿದ ಗುಂಡಿಗಳಿಂದ ನೀರೆತ್ತಿ ಸುರಿಯುತ್ತಿತ್ತು, ಇಂಧನಕ್ಕೆ ನಮ್ಮ ನಿಲ್ದಾಣಕ್ಕೇ ಬರುತ್ತಿತ್ತು. ಹಾಗಾಗಿ ಸುಳ್ಯ, ಕಡಬ, ಪುತ್ತೂರಿನ ಮೇಲಿಂದ ಪೂರ್ವದ ಇಳಿದಾರಿಯವರೆಗೂ ಚಾಚಿದ ಒಂದು ಪ್ರದೇಶವನ್ನು ಬೇರೆ ವಿಮಾನಗಳಿಗೆ ಮುಚ್ಚಲಾಗಿತ್ತು. ಸೂಚನೆಯಲ್ಲಿದ್ದ ಸಮಯ: ಪ್ರತಿದಿನ, ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ. ಸಮುದ್ರದ ಕಡೆಯಿಂದ ಬಂದು ಇಳಿಯಲಾಗದೆ ಮೇಲೇರುವವರು ಎಂದಿನಂತೆ ನೇರ ಹೋಗದೆ ಕೂಡಲೇ ಎಡಕ್ಕೆ ತಿರುಗಿ ಸಮುದ್ರಕ್ಕೆ ಮರಳಬೇಕು ಎಂದೂ ಅದರಲ್ಲಿತ್ತು.

ಗಲ್ಫಿನಿಂದ ಹೊರಡುವ ಮೊದಲು ಈ ಸೂಚನೆಯನ್ನು ನಮ್ಮ ವಿಮಾನದ ಕ್ಯಾಪ್ಟನ್ ಮತ್ತು ನಾನು ಓದಿದೆವು. ಅವರು ಬೇರೆ ರಾಜ್ಯದವರು, ನನ್ನ ತಂದೆಯ ವಯಸ್ಸಿನವರು. ಇಳಿಯಲಾಗದಿದ್ದರೆ ಕಣ್ಣೂರು ಎಂದು ನಿರ್ಧರಿಸಿ, ಒಂದು ಪ್ರಯತ್ನಕ್ಕೆ, ಸ್ವಲ್ಪ ಕಾಯುವುದಕ್ಕೆ, ಆಮೇಲೆ ಕಣ್ಣೂರಿಗೆ ಸಾಕಾಗುವಷ್ಟು ಇಂಧನ ತುಂಬಿಸಿದರು.

ಇಳಿಯಲು ಅರ್ಧ ಗಂಟೆಯಿರುವಾಗ ಕ್ಯಾಬಿನ್ ಸಿಬ್ಬಂದಿಯ ಮುಖ್ಯಸ್ಥೆ ಒಳಗಿನ ಫೋನಿನಲ್ಲಿ ಕರೆದಳು. ಅವಳು ಪುತ್ತೂರಿನ ಹುಡುಗಿ.

"ಮೇಡಂ, ಹಿಂದಿನ ಸಾಲಿನಲ್ಲಿ ಕಬಕದವರೊಬ್ಬರಿದ್ದಾರೆ. ತಂದೆ ನಿನ್ನೆ ಸಂಜೆ ತೀರಿಹೋದ್ರಂತೆ. ಮಧ್ಯಾಹ್ನದ ನಮಾಝ್ ಆದ ಕೂಡಲೇ ದಫನವಂತೆ. ಎಷ್ಟು ಗಂಟೆಗೆ ಮುಟ್ಟುದು ಅಂತ ನಾಲ್ಕು ಸಲ ಕೇಳಿದ್ರು. ಎಂತ ಹೇಳ್ಲಿ?"

"ಏಳೂವರೆಗೆ ಇಳಿಯುತ್ತೇವೆ ಅಂತ ಹೇಳು" ಎಂದೆ. ಹಾಗೆ ಹೇಳಲು ನನಗೆ ಅಧಿಕಾರವಿರಲಿಲ್ಲ. ಆದರೂ ಹೇಳಿದೆ.

ಕರಾವಳಿಯ ಮೇಲೆ ಹತ್ತು ಸಾವಿರ ಅಡಿಯಲ್ಲಿ ಸುತ್ತು ಹೊಡೆಯುತ್ತ ಕಾಯುವಂತೆ ನಿಯಂತ್ರಣ ಕೊಠಡಿ ಹೇಳಿತು. ಅಲ್ಲಿಂದ ಘಟ್ಟದ ಸಾಲು ಸ್ಪಷ್ಟವಾಗಿ ಕಾಣುತ್ತಿತ್ತು, ಅದರ ಬುಡ ಕಾಣುತ್ತಿರಲಿಲ್ಲ. ರಾತ್ರಿ ತಣ್ಣಗಾದ ನೆಲದ ಮೇಲೆ ಬೆಚ್ಚಗಿನ ಗಾಳಿಯ ಪದರ ಮುಚ್ಚಳದಂತೆ ಕೂತಿರುತ್ತದೆ. ಹೊಗೆ ಅದರಡಿಗೆ ಸಿಕ್ಕಿ ಮೇಲೇರಲಾರದೆ, ಮುಂಜಾನೆಯ ಭೂಗಾಳಿಯ ಜೊತೆ ಕಡಲಿನತ್ತ ಹರಿಯುತ್ತದೆ. ಸುಳ್ಯದ ನಮ್ಮ ಮನೆ ಇರುವ ಜಾಗ ಇದೇ ಇರಬೇಕು ಎಂದು ಅಂದಾಜು ಮಾಡಿದ ಕಡೆ ಬೂದುಬಣ್ಣದ ಹಾಸು ಮಾತ್ರ ಇತ್ತು.

ಆಗ ರೇಡಿಯೋದಲ್ಲಿ ಸಹಪಾಠಿಯ ಧ್ವನಿ ಕೇಳಿತು. ಅವನ ವಿಮಾನ ನಮಗಿಂತ ಇಪ್ಪತ್ತು ನಿಮಿಷ ಮುಂದಿತ್ತು. ಪೂರ್ವದ ದಾರಿಯಲ್ಲಿ ಕಿರಣಗಳನ್ನು ಹಿಡಿದಿದ್ದೇನೆ ಎಂದು, ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನೋ ಮಾತಾಡಿಸುವಷ್ಟು ಆರಾಮವಾಗಿ ಅವನು ತಿಳಿಸಿದ. ಕೆಲವೇ ನಿಮಿಷಗಳಲ್ಲಿ ಇಳಿದಾಯಿತು, ರನ್‌ವೇ ಬಿಟ್ಟಾಯಿತು. ನಿಯಂತ್ರಣ ಕೊಠಡಿಯವರು ಅವನಿಗೆ ಶುಭ ಕೋರಿದರು. ಆ ಶುಭಾಶಯವೂ ನನಗೆ ಚುಚ್ಚಿತು.

ಕ್ಯಾಪ್ಟನ್ ನನ್ನ ಕಡೆ ತಿರುಗಿದರು. ಅವರು ಆಡಿದ್ದು ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ. "ನಮ್ಮ ಮುಂದೆ ಇದ್ದವರಿಗೆ ಪೂರ್ವದ ದಾರಿ ಸಿಕ್ಕಿದೆಯಲ್ಲ. ನಾವೂ ಕೇಳೋಣವೇ? ಇದು ನಿಮ್ಮ ಊರು. ನಿಮಗೆ ಏನನ್ನಿಸುತ್ತದೆ?"

"ಸೂಚನೆಯ ಪ್ರಕಾರ ಸೂರ್ಯಾಸ್ತದವರೆಗೆ ಮುಚ್ಚಿದೆ, ಸರ್. ಅವರಿಗೆ ಯಾವ ಆಧಾರದ ಮೇಲೆ ಕೊಟ್ಟರೋ ಗೊತ್ತಿಲ್ಲ. ಹೆಲಿಕಾಪ್ಟರ್ ಆ ಹೊಗೆಯೊಳಗಿದ್ದರೆ ನಮಗೆ ಕಾಣಿಸುವುದಿಲ್ಲ. ಸಮುದ್ರದ ಕಡೆಯಿಂದ ಪ್ರಯತ್ನಿಸುವುದು ಸರಿಯೆನಿಸುತ್ತದೆ."

ನಾನು ಹೇಳಿದ್ದರಲ್ಲಿ ಒಂದು ಪದವೂ ಸುಳ್ಳಲ್ಲ. ಯಾವ ಪರೀಕ್ಷಕರ ಮುಂದೆ ಇಟ್ಟರೂ ಪೂರ್ಣ ಅಂಕ ಸಿಗುವ ಉತ್ತರ ಅದು. ಆದರೆ ಕೇಳಲು ಬೇಕಿದ್ದದ್ದು ರೇಡಿಯೋದಲ್ಲಿ ಒಂದು ವಾಕ್ಯ, ಹಿಡಿಯುತ್ತಿದ್ದದ್ದು ಐದು ಸೆಕೆಂಡು. ಹೆಲಿಕಾಪ್ಟರ್ ಈಗ ಎಲ್ಲಿದೆ ಎಂದು ಕೇಳುವುದು ಯಾವ ನಿಯಮಕ್ಕೂ ವಿರುದ್ಧವಾಗಿರಲಿಲ್ಲ. ಅವನು ಯಾರದೋ ಪರಿಚಯ ಹಿಡಿದು ನಿಯಮ ಬಗ್ಗಿಸಿದ್ದಾನೆ ಎಂದು ನಾನು ತೀರ್ಮಾನಿಸಿಯಾಗಿತ್ತು. ಅವನು ಕೇಳಿ ಪಡೆದದ್ದನ್ನು ಅವನ ಹಿಂದೆಯೇ ನಿಂತು ನಾನೂ ಕೇಳುವುದು ನನ್ನಿಂದಾಗಲಿಲ್ಲ.

ಕ್ಯಾಪ್ಟನ್ ತಲೆಯಾಡಿಸಿದರು. ಸಮುದ್ರದ ಕಡೆಯ ದಾರಿಗೆ ಬೇಕಾದಷ್ಟೇ ದೂರ ಕಾಣುತ್ತಿದೆ ಎಂದು ಹವಾಮಾನ ವರದಿ ಹೇಳುತ್ತಿತ್ತು, ಒಂದು ಮೀಟರೂ ಹೆಚ್ಚಿಲ್ಲ. ನಾವು ಕಡಲಿನ ಮೇಲೆ ತಿರುಗಿ ರನ್‌ವೇಗೆ ಮುಖ ಮಾಡಿದೆವು. ವಿಮಾನ ಹಾರಿಸುತ್ತಿದ್ದವರು ಅವರು, ದೂರ ಎತ್ತರಗಳ ಪಟ್ಟಿ ಓದುತ್ತಿದ್ದವಳು ನಾನು. ಚಕ್ರಗಳು ಇಳಿದವು, ರೆಕ್ಕೆಯ ಹಿಂಬದಿಯ ಫ್ಲಾಪುಗಳು ಪೂರ್ತಿ ಚಾಚಿದವು. ಒಂದು ಮೆಟ್ಟಿಲಿನಲ್ಲಿ ಐವತ್ತು ಅಡಿ ಮೇಲಿದ್ದೆವು, ಹೇಳಿದೆ, ಅವರು ತಿದ್ದಿದರು. ಮುಂದಿನದರಲ್ಲಿ ಸರಿಯಾಯಿತು. ಎದುರಿಗೆ ಸೂರ್ಯ, ಅದರ ಬೆಳಕು ಹೊಗೆಗೆ ಬಿದ್ದು ಕಿಟಕಿಯ ಗಾಜಿನಾಚೆ ಕೇಸರಿ ಬಣ್ಣದ ಗೋಡೆಯೊಂದು ಎದ್ದಿತ್ತು. ನೇರ ಕೆಳಗೆ ನೋಡಿದರೆ ತೆಂಗಿನ ತಲೆಗಳು, ಒಂದು ಶಾಲೆಯ ಹೆಂಚಿನ ಮಾಡು, ರಸ್ತೆಯ ಮೇಲಿನ ಬಸ್ಸು. ಮುಂದೆ ನೋಡಿದರೆ ಏನೂ ಇಲ್ಲ. ನೆಲದ ಮೇಲೆ ನಿಂತವರು ಅಳೆಯುವ ದೂರಕ್ಕೂ ಸೂರ್ಯನಿಗೆದುರಾಗಿ ಓರೆಯಾಗಿ ನೋಡುವ ನಮ್ಮ ಕಣ್ಣಿಗೆ ಕಾಣುವ ದೂರಕ್ಕೂ ಬಹಳ ವ್ಯತ್ಯಾಸವಿತ್ತು.

ಇದಕ್ಕಿಂತ ಕೆಳಗಿಳಿಯಬಾರದು ಎಂಬ ಎತ್ತರ ಬಂತು. ನಾನು ಘೋಷಿಸಿದೆ. ರನ್‌ವೇಯ ದೀಪಗಳಿಲ್ಲ.

"ಗೋ ಅರೌಂಡ್" ಎಂದರು ಕ್ಯಾಪ್ಟನ್. ಎಂಜಿನುಗಳು ಪೂರ್ಣ ಶಕ್ತಿಗೆ ಹೋದವು, ಮೂಗು ಮೇಲೆದ್ದಿತು. ಫ್ಲಾಪು ಒಂದು ಹಂತ ಮಡಚಿದೆ, ಚಕ್ರ ಎತ್ತಿದೆ. ಅಷ್ಟರಲ್ಲಿ ಎಡಕ್ಕೆ ತಿರುಗಬೇಕಿತ್ತು. ಎಂದಿನ ದಾರಿಯಾಗಿದ್ದರೆ ನೇರ ಏರಿ ಉಸಿರು ಬಿಡಬಹುದಿತ್ತು. ಇಲ್ಲಿ ಭಾರದ ವಿಮಾನವನ್ನು ಕಡಿಮೆ ಎತ್ತರದಲ್ಲಿ, ಏನೂ ಕಾಣದ ಹೊಗೆಯಲ್ಲಿ, ಗುಡ್ಡಗಳ ನಡುವೆ ವಾಲಿಸಬೇಕಾಯಿತು. ಎದುರಿಗೆ ಹಾರುತ್ತಲೇ ಇರದಿದ್ದ ಒಂದು ಹೆಲಿಕಾಪ್ಟರಿನಿಂದ ದೂರವಿರಲು ಈ ತಿರುವು ಎಂಬುದು ಆಗ ನಮಗೆ ತಿಳಿದಿರಲಿಲ್ಲ. ಕೊನೆಗೆ ಹೊಗೆ ದಾಟಿ ಬಿಸಿಲಿಗೆ ಬಂದೆವು.

"ಈಗ ಪೂರ್ವದ ದಾರಿ ಕೇಳಿದರೆ?" ಎಂದು ನಾನೇ ಕೇಳಿದೆ.

ಕ್ಯಾಪ್ಟನ್ ಇಂಧನದ ಅಂಕಿಯ ಮೇಲೆ ಬೆರಳಿಟ್ಟು ತೋರಿಸಿದರು. ಕೇಳಿ, ಕಾಯ್ದು, ಸುತ್ತಿ ಬಂದು ಮತ್ತೆ ಇಳಿಯಲಾಗದಿದ್ದರೆ ಕಣ್ಣೂರಿಗೆ ಇಂಧನ ಉಳಿಯುವುದಿಲ್ಲ. "ಆ ಪ್ರಶ್ನೆಯ ಹೊತ್ತು ಮುಗಿಯಿತು. ಕಣ್ಣೂರು" ಎಂದರು. ಅದು ಸರಿಯಾದ ನಿರ್ಧಾರ. ಅದರ ಬಗ್ಗೆ ನನಗೆ ಇಂದಿಗೂ ಸಂಶಯವಿಲ್ಲ.

ಕಣ್ಣೂರಿನಲ್ಲಿ ಇಳಿದು ಎಂಜಿನ್ ನಿಲ್ಲಿಸಿದ ಮೇಲೆ ಕಾಕ್‌ಪಿಟ್ಟಿನ ಬಾಗಿಲು ತೆರೆದೆ. ಕಬಕದ ಆ ಪ್ರಯಾಣಿಕ ಅಲ್ಲೇ ನಿಂತಿದ್ದರು. ನಲವತ್ತರ ಹತ್ತಿರದ ಮನುಷ್ಯ, ಕೈಯಲ್ಲಿ ಒಂದು ಸಣ್ಣ ಚೀಲ ಬಿಟ್ಟರೆ ಏನೂ ಇಲ್ಲ.

"ನೀವು ನಮ್ಮ ಊರಿನ ಕಡೆಯವರಂತೆ?"

"ಹೌದು. ಸುಳ್ಯ."

"ಹಾಗಾದ್ರೆ ಸರಿಯಾಗಿ ಹೇಳಿ ಮೇಡಂ. ಇದು ಪುನಃ ಎಷ್ಟು ಗಂಟೆಗೆ ಹೊರಡುದು?"

"ಹೊಗೆ ಕರಗಬೇಕು. ಹನ್ನೊಂದಾಗಬಹುದು, ಒಂದು ಗಂಟೆಯೂ ಆಗಬಹುದು. ಗೊತ್ತಿಲ್ಲ."

"ಏಳೂವರೆಗೆ ಅಂತ ಹೇಳಿದ್ರಲ್ಲ?"

"ಹೇಳಿದ್ದು ನಾನೇ."

ಅವರು ಬೈಯಲಿಲ್ಲ. "ಬಾಪನಿಗೆ ಗಂಡು ಮಗ ಅಂತ ಇರುದು ನಾನೊಬ್ಬ. ನಿನ್ನೆ ಸಂಜೆಯಿಂದ ನನಗೋಸ್ಕರ ಇಟ್ಟುಕೊಂಡಿದ್ದಾರೆ. ಇನ್ನೂ ಕಾಯಿರಿ ಅಂತ ನಾನು ಯಾವ ಬಾಯಲ್ಲಿ ಹೇಳುದು? ಕಾರಿನಲ್ಲಿ ಹೋದ್ರೆ ಮುಟ್ಟಬಹುದಾ?"

"ಹೆದ್ದಾರಿ ಕೆಲಸ ನಡೀತಾ ಉಂಟು. ಆದರೂ ಹೊರಡಿ. ಇಲ್ಲಿ ಕೂತರೆ ಖಂಡಿತ ಆಗುದಿಲ್ಲ."

ಅಂತಾರಾಷ್ಟ್ರೀಯ ವಿಮಾನದಿಂದ ದಾರಿಯಲ್ಲಿ ಒಬ್ಬರನ್ನು ಇಳಿಸುವುದೆಂದರೆ ವಲಸೆ, ಕಸ್ಟಮ್ಸ್, ಕಂಪೆನಿ ಎಂದು ಮೂರು ಕಡೆಯ ಒಪ್ಪಿಗೆ. ಕ್ಯಾಪ್ಟನ್ ಸ್ವತಃ ಫೋನ್ ಹಿಡಿದು ಕೂತರೂ ಆ ಪ್ರಯಾಣಿಕರು ಹೊರಬಿದ್ದಾಗ ಹತ್ತು ಗಂಟೆ. ಅವರು ಮೆಟ್ಟಿಲಿಳಿದು ಹೋದ ಮೇಲೆ ನಾನು ನನ್ನ ಫೋನ್ ತೆರೆದೆ. ಮುಚ್ಚಿಟ್ಟಿದ್ದ ಸಾಲಿನಲ್ಲಿ ಸಹಪಾಠಿಯ ಸಂದೇಶವಿತ್ತು, ಹಿಂದಿನ ದಿನ ಸಂಜೆಯದು.

"ನಾಳೆ ನೀನೂ ಬರುದಲ್ವಾ? ಹೆಲಿಕಾಪ್ಟರ್ ಹತ್ತಕ್ಕೆ ಮೊದಲು ಏಳುದೇ ಇಲ್ಲ ಮಾರಾಯ್ತಿ. ಪೂರ್ವದ ದಾರಿ ಕೇಳು, ಕಂಟ್ರೋಲಿನವರು ಕ್ಯಾಂಪಿಗೆ ಫೋನ್ ಮಾಡಿ ಬಿಡಿಸಿ ಕೊಡ್ತಾರೆ. ಕಾಗದ ನೋಡಿ ಸುಮ್ಮನೆ ಕೂರಬೇಡ."

ಮುಂದಿನ ವಾರ ಪುತ್ತೂರಿನ ದರ್ಬೆಯ ಸಭಾಂಗಣವೊಂದರಲ್ಲಿ ಅವನಿಗೆ ಸನ್ಮಾನವಿತ್ತು. ಹೊಗೆಯ ನಡುವೆ ವಿಮಾನ ಇಳಿಸಿದ ಊರ ಮಗನೆಂದು ಶಾಲು, ಹಣ್ಣಿನ ತಟ್ಟೆ, ಹಳೆಯ ಮೇಷ್ಟರ ಭಾಷಣ. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಪಕ್ಕದ ಹಿರಿಯರೊಬ್ಬರು ಗುರುತು ಹಿಡಿದರು.

"ನೀನೂ ಪೈಲಟ್ ಅಲ್ವಾ ಮಗಳೇ? ಮೊನ್ನೆ ಎಲ್ಲರನ್ನೂ ಕಣ್ಣೂರು ತೋರಿಸಿಕೊಂಡು ಬಂದದ್ದು ನೀನೇ ಅಂತೆ?"

ಸುತ್ತಲಿನವರು ನಕ್ಕರು. ನಾನೂ ನಕ್ಕೆ, ಆ ನಗುವಿಗೆ ಪಟ್ಟ ಶ್ರಮ ಅಂದಿನ ತಿರುವಿಗೂ ಪಟ್ಟಿರಲಿಲ್ಲ. ಆ ಶಾಲು ನನ್ನ ಹೆಗಲಿಗೆ ಹೇಗೆ ಕಾಣುತ್ತಿತ್ತು ಎಂದು ಯೋಚಿಸಿದ್ದೂ ನಿಜ.

ಕಾರ್ಯಕ್ರಮ ಮುಗಿದ ಮೇಲೆ ಅವನು ನೇರ ನನ್ನ ಬಳಿ ಬಂದ.

"ಎಂತ ಮಾರಾಯ್ತಿ, ಫೋನೇ ಎತ್ತುದಿಲ್ಲ? ಮೆಸೇಜ್ ನೋಡಿದ್ಯಾ ಇಲ್ವಾ?"

"ನೋಡಿದೆ. ಕಣ್ಣೂರಿನಲ್ಲಿ."

ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಏಕೆಂದು ಕೇಳಲಿಲ್ಲ. ಕೇಳದೆ ಬಿಟ್ಟ ಆ ದೊಡ್ಡತನಕ್ಕೂ ನನಗೆ ಅವನ ಮೇಲೆ ಸಿಟ್ಟು ಬಂತು.

"ಹತ್ತು ಗಂಟೆಯ ವಿಷಯ ನಿನಗೆ ಹೇಗೆ ಗೊತ್ತಾಯ್ತು?" ಎಂದೆ.

"ಭಾವ ಹೇಳಿದ್ದು. ಸಂಪಾಜೆ ಕ್ಯಾಂಪಿಗೆ ತಿಂಡಿ, ಊಟ ಕೊಂಡುಹೋಗುದು ಅವನ ಜೀಪಿನಲ್ಲಿ. ಆ ಹೊಗೆಯಲ್ಲಿ ಅದು ಏಳುದಾದ್ರೂ ಹೇಗೆ? ಹತ್ತರವರೆಗೆ ಅದರ ಪೈಲಟ್‌ಗೆ ಇಡ್ಲಿ ತಿನ್ನುದೇ ಡ್ಯೂಟಿ ಅಂತೆ."

"ನಿನ್ನ ಕಂಪೆನಿಗೆ ಯಾಕೆ ಬರೆಯಲಿಲ್ಲ? ಬೇರೆಯವರಿಗೂ ಗೊತ್ತಾಗ್ತಿತ್ತಲ್ಲ?"

"ಎಂತ ಬರೆಯುದು? ಭಾವ ಹೇಳಿದ ಅಂತ ಬರೆಯುದಾ?" ಎಂದ. ಆಮೇಲೆ ಸಣ್ಣ ದನಿಯಲ್ಲಿ, "ನಿನಗೆ ಹೇಳಿದೆನಲ್ಲ. ಇನ್ನು ಯಾರಿಗೆ ಹೇಳುದು?"

ನಮ್ಮ ಸೀಮೆಯ ಕಾರ್ಯವೈಖರಿ ಇದು. ಘಟ್ಟದಲ್ಲಿ ಮರ ಬಿದ್ದಿದೆಯೇ, ಕಚೇರಿಯಲ್ಲಿ ಇಂದು ಸಾಹೇಬರಿದ್ದಾರೆಯೇ, ಎಲ್ಲವೂ ಬಂಧುಬಳಗದ ಫೋನಿನಲ್ಲಿ ತಿಳಿಯುತ್ತದೆ, ಮತ್ತು ಸಾಮಾನ್ಯವಾಗಿ ಸರಿಯಾಗಿಯೇ ತಿಳಿಯುತ್ತದೆ. ಅದರಿಂದಾಗಿ ಕಾಗದದಲ್ಲಿ ಏನು ಬರೆದಿದೆ ಎಂಬುದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ಬರೆಯುವವರೂ ಸಹ. ಆದರೆ ಕಡಲ ಮೇಲಿಂದ ಬರುವ ವಿಮಾನಕ್ಕೆ ಸಂಪಾಜೆಯಲ್ಲಿ ಭಾವ ಇರುವುದಿಲ್ಲ. ಅದಕ್ಕಿರುವುದು ಕಾಗದ ಮಾತ್ರ.

ಮರುದಿನ ನಾನೇ ಸಂಪಾಜೆಗೆ ಹೋದೆ. ಬೆಂಕಿ ಆರಿತ್ತು. ಕ್ಯಾಂಪಿನ ಡೇರೆಗಳನ್ನು ಮಡಚುತ್ತಿದ್ದರು. ಗೇರು ತೋಪಿನಲ್ಲಿ ಬೀಜ ಹೆಕ್ಕಲು ಸುಲಭವಾಗಲೆಂದು ಯಾರೋ ತರಗೆಲೆಗೆ ಇಟ್ಟ ಬೆಂಕಿ ಕಾಡಿಗೆ ದಾಟಿತೆಂದು ಕೆಲವರು ಹೇಳಿದರು. ಅದು ಬೇರೆಯೇ ತನಿಖೆಗೆ ಸೇರಿದ್ದು. ನಾನು ಹುಡುಕಿಕೊಂಡು ಹೋದದ್ದು ಹಾರಾಟದ ಪುಸ್ತಕವನ್ನು. ಅದನ್ನು ನೋಡಿಕೊಳ್ಳುತ್ತಿದ್ದ ಗುಮಾಸ್ತರು ಸಂಕೋಚವಿಲ್ಲದೆ ತೆರೆದು ತೋರಿಸಿದರು. ಮೊದಲ ಹಾರಾಟ ಒಂದು ದಿನ ಹತ್ತೂಕಾಲಿಗೆ, ಇನ್ನೊಂದು ದಿನ ಹತ್ತೂವರೆಗೆ, ನಮ್ಮ ದಿನ ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ.

"ಮತ್ತೆ ಸೂರ್ಯೋದಯದಿಂದ ಅಂತ ಯಾಕೆ ಬರೆದದ್ದು?" ಎಂದು ಕೇಳಿದೆ.

"ಫಾರ್ಮಿನಲ್ಲಿ ಎರಡು ಕಾಲಂ ಉಂಟು ಮೇಡಂ, ಯಾವಾಗಿಂದ, ಯಾವಾಗಿನವರೆಗೆ ಅಂತ. ಇಡೀ ದಿನ ತುಂಬಿಸಿದ್ರೆ ಒಂದೇ ಸಲ ಸಹಿ. ಸಮಯ ಬದಲಾಯಿಸುದಾದ್ರೆ ದಿನಾಲೂ ಸಾಹೇಬರ ಸಹಿ ಬೇಕು. ಅವರು ಇಲ್ಲಿ ಇರುದಿಲ್ಲ."

"ವಿಮಾನಗಳಿಗೆ ತೊಂದರೆಯಾಗ್ತದೆ ಅಂತ ಅನಿಸಲಿಲ್ವಾ?"

"ಎಂತ ತೊಂದರೆ? ನಿಲ್ದಾಣದಿಂದ ಫೋನ್ ಬಂದ್ರೆ ಎರಡು ನಿಮಿಷದಲ್ಲಿ ಬಿಟ್ಟು ಕೊಡ್ತೇವೆ. ಯಾರು ಕೇಳಿದ್ರೂ ಕೊಡ್ತಿದ್ದೆವು." ಪುಸ್ತಕದ ಅಂಚಿನಲ್ಲಿದ್ದ ಒಂದು ಗುರುತಿನ ಮೇಲೆ ಅವರು ಬೆರಳಿಟ್ಟರು. "ಕೇಳಿದ್ದು ಮಾತ್ರ ಒಬ್ಬರೇ."

ಸಂಪಾಜೆಯಿಂದ ನೇರ ಕಬಕಕ್ಕೆ ಹೋದೆ. ಆ ಪ್ರಯಾಣಿಕರ ಮನೆ ಎಲ್ಲೆಂದು ನಮ್ಮ ಸಿಬ್ಬಂದಿಯ ಹುಡುಗಿ ಹೇಳಿದ್ದಳು. ಅವರು ನನ್ನನ್ನು ಒಳಗೆ ಕೂರಿಸಿದರು, ಅವರ ತಾಯಿ ಒಳಗಿನ ಕೋಣೆಯಿಂದಲೇ ಶರಬತ್ತು ಕಳಿಸಿದರು.

"ಎರಡೂಕಾಲಕ್ಕೆ ಮುಟ್ಟಿದೆ" ಎಂದರು ಅವರು. "ಮಣ್ಣು ಹಾಕಿ ಎಲ್ಲರೂ ಮನೆಗೆ ಬಂದಾಗಿತ್ತು. ಒಂದು ಹಿಡಿ ಮಣ್ಣು ನನ್ನ ಕೈಯಿಂದ ಬೀಳಲಿಲ್ಲ."

ನಾನು ಶರಬತ್ತಿನ ಲೋಟ ಕೆಳಗಿಟ್ಟೆ.

"ಒಂದು ಕೇಳುದು ಉಂಟು ಮೇಡಂ. ನಮ್ಮ ಆಚೆಮನೆಯವ ಅದೇ ಬೆಳಿಗ್ಗೆ ಬೇರೆ ವಿಮಾನದಲ್ಲಿ ಬಂದದ್ದು. ಅದು ಇಳಿಯಿತು. ಅವ ಬಂದು ನನ್ನ ಬಾಪನ ಮಯ್ಯತ್ ನಮಾಝಿಗೆ ಮೊದಲ ಸಾಲಿನಲ್ಲಿ ನಿಂತ, ಹೆಗಲು ಕೊಟ್ಟ. ಒಳ್ಳೆಯ ಮನುಷ್ಯ. ನಾನು ನಿಲ್ಲಬೇಕಾದ ಜಾಗದಲ್ಲಿ ನಿಂತ. ಈಗ ಅವನನ್ನು ಕಂಡರೆ ನನಗೆ ಆಗುದಿಲ್ಲ. ಸಲಾಂ ಹೇಳಿದ್ರೆ ಉತ್ತರ ಕೊಡ್ಲಿಕ್ಕೂ ಹೊಟ್ಟೆಕಿಚ್ಚು. ಅವ ಎಂತ ತಪ್ಪು ಮಾಡಿದ್ದಾನೆ ಹೇಳಿ? ಅವನ ವಿಮಾನ ಹೇಗೆ ಇಳಿಯಿತು, ನಮ್ಮದು ಯಾಕೆ ಇಳಿಯಲಿಲ್ಲ? ಅದು ಗೊತ್ತಾದ್ರೆ ಇದು ನನ್ನಿಂದ ಬಿಟ್ಟು ಹೋಗ್ತದೋ ಏನೋ."

ನಾನು 'ಕಾಗದದಲ್ಲಿ ಹಾಗಿತ್ತು' ಎಂದು ಹೇಳಿ ಎದ್ದುಬರಬಹುದಿತ್ತು. ಹಾಗೆ ಮಾಡಲಿಲ್ಲ. ಎಲ್ಲವನ್ನೂ ಹೇಳಿದೆ: ಫಾರ್ಮು, ಎರಡು ಕಾಲಂ, ಹಾರಾಟದ ಪುಸ್ತಕ, ಫೋನಿನಲ್ಲಿ ಮುಚ್ಚಿಟ್ಟ ಸಂದೇಶ, ಕ್ಯಾಪ್ಟನ್ ಕೇಳಿದ ಪ್ರಶ್ನೆ, ನಾನು ಕೊಟ್ಟ ಉತ್ತರ, ಆ ಉತ್ತರ ಕೊಡುವಾಗ ನನ್ನೊಳಗಿದ್ದದ್ದು. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

"ನೀವು ಬಂದು ಹೇಳಿದ್ರಿ" ಎಂದರು ಕೊನೆಗೆ. "ಫಾರ್ಮ್ ತುಂಬಿಸಿದವರು ಬರ್ತಾರಾ?"

ಕ್ಯಾಪ್ಟನ್ ಪ್ರಶ್ನೆಗೆ ನಾನು ಕೊಟ್ಟ ಸಲಹೆಯನ್ನೂ ಅದರ ಹಿಂದಿನ ಕಾರಣವನ್ನೂ ಬರವಣಿಗೆಯಲ್ಲಿ ನನ್ನ ಕಂಪೆನಿಯ ಸುರಕ್ಷತಾ ವಿಭಾಗಕ್ಕೆ ಸಲ್ಲಿಸಿದ್ದೇನೆ. ಅದರ ಪರಿಣಾಮ ಏನಾದರೂ ಎದುರಿಸುತ್ತೇನೆ. ಎಡಗಡೆಯ ಸೀಟು ಇನ್ನಷ್ಟು ದೂರ ಹೋಗಬಹುದು, ಸಹಪಾಠಿಯ ಫೋಟೋ ನೋಡಿದಾಗ ಇನ್ನಷ್ಟು ನೋಯಬಹುದು. ಆದರೆ ನನ್ನ ತಪ್ಪನ್ನು ನಾನು ಒಪ್ಪಿಕೊಂಡೆನೆಂಬ ಕಾರಣಕ್ಕೆ ಬೇರೆಯವರ ತಪ್ಪು ಅದರಡಿಗೆ ಅಡಗಿಕೊಳ್ಳಲು ನಾನು ಬಿಡುವುದಿಲ್ಲ.

ಆದ್ದರಿಂದ, ಆ ಸೂಚನೆಯನ್ನು ಕೋರಿದ ಕಚೇರಿಗೂ, ಪರಿಶೀಲಿಸದೆ ಪ್ರಕಟಿಸಿದ ಕಚೇರಿಗೂ ಈ ಬರಹದ ಮೂಲಕ ನನ್ನ ವಿನಂತಿ. ಹೆಲಿಕಾಪ್ಟರ್ ಹಾರದ ಹೊತ್ತಿನಲ್ಲಿ ಪೂರ್ವದ ದಾರಿಯನ್ನು ಏಕೆ ಮುಚ್ಚಿಡಲಾಯಿತು, ಹಾರಾಟದ ಪುಸ್ತಕ ಕಣ್ಣೆದುರಿಗಿದ್ದೂ ಸಮಯವನ್ನು ಏಕೆ ತಿದ್ದಲಿಲ್ಲ, ಕೇಳಿದವರಿಗೆ ದಾರಿ ಬಿಟ್ಟುಕೊಡುವ ವ್ಯವಸ್ಥೆಯಿದೆ ಎಂಬ ಒಂದು ಸಾಲನ್ನು ಸೂಚನೆಯಲ್ಲಿ ಏಕೆ ಸೇರಿಸಲಿಲ್ಲ ಎಂಬುದಕ್ಕೆ ಲಿಖಿತ ಉತ್ತರ ಕೊಡಬೇಕು. ಮುಂದಿನ ಬೇಸಿಗೆಗೆ ಮೊದಲು, ಬೆಂಕಿ ಆರಿಸುವ ಹಾರಾಟದ ನಿಜವಾದ ವೇಳೆಯನ್ನು ಪ್ರತಿದಿನ ತಿಳಿಸುವ ಹೊಣೆಯನ್ನು ಕ್ಯಾಂಪಿನಲ್ಲೇ ಇರುವ, ಸಹಿಯ ಅಧಿಕಾರವುಳ್ಳ ಒಬ್ಬ ಅಧಿಕಾರಿಗೆ ಒಪ್ಪಿಸಬೇಕು. ಉತ್ತರದ ಒಂದು ಪ್ರತಿಯನ್ನು ಕಬಕದ ಆ ಮನೆಗೆ ಅಂಚೆಯಲ್ಲಿ ಕಳಿಸದೆ, ಸಹಿ ಹಾಕಿದ ಅಧಿಕಾರಿಯೇ ಹೋಗಿ ಕೊಡಬೇಕೆಂದು ಕೋರುತ್ತೇನೆ. ಮನೆಯವರನ್ನು ಕೇಳಿದ್ದೇನೆ. ಬಂದರೆ ಕೂರಿಸುತ್ತೇವೆ ಎಂದಿದ್ದಾರೆ.